ಹಾಳೆ ಟೊಪ್ಪಿ ಬರೀ ಫೋಟೋಗಲ್ಲ

ಎಥ್ನಿಕ್ ಡೇಗೆ ನಾವು ಪಂಚೆ ಉಟ್ಟು, ಹಾಳೆ ಟೊಪ್ಪಿ ಹಾಕಿ ರೀಲ್ಸ್ ಮಾಡ್ತೀವಿ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಅಡಿಕೆ ಸೀಮೆಯಲ್ಲಿ ಅದು ಕೆಲಸದ ಉಡುಪು. ಅಡಿಕೆ ಮರದ ಹಾಳೆಯನ್ನು ನೆನೆಸಿ, ಮಡಚಿ ಹೊಲಿದರೆ ಟೊಪ್ಪಿ. ಹೊರೆ ಹೊತ್ತಾಗ ತಲೆಗೆ ಒತ್ತೋದಿಲ್ಲ.

ಮಳೆಗಾಲಕ್ಕೆ ಕಂಬಳಿ ಕೊಪ್ಪೆ. ಮೂಲೆ ಮಡಚಿ ತಲೆಗೆ ಹಾಕಿದರೆ ಮಿಕ್ಕದ್ದು ಬೆನ್ನು ಮುಚ್ಚುತ್ತೆ, ನಾಟಿ ಮಾಡೋಕೆ ಎರಡೂ ಕೈ ಫ್ರೀ. (ಕೊಡೆ ಹಿಡಿದು ನಾಟಿ ಮಾಡಿ ನೋಡೋಣ!) ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಬಟ್ಟೆ ಬದಲಾಯ್ತು, ಮಡಿಕೆ ಹಾಗೇ ಉಳೀತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದರೆ ಯಾರು ಗೌಡರು, ಯಾರು ಆಳು ಅನ್ನೋದು ಉಡುಪಿನಲ್ಲೂ ಗೊತ್ತಾಗುತ್ತೆ. ‘ಕಾಂತಾರ’ (2022) ಬಂದ ಮೇಲೆ ಲುಂಗಿಯೇ ಸ್ಟೈಲು. ನಮ್ಮ ಫೋಟೋದಲ್ಲಂತೂ ಆ ಹಳೇ ಭೇದ ಕಾಣೋದೇ ಇಲ್ಲ. ಮುಂದಿನ ಸಲ ಟೊಪ್ಪಿ ತರೋರು ಅದನ್ನು ಹೊಲಿಯೋದನ್ನೂ ಊರಲ್ಲಿ ಕಲಿತು ಬನ್ನಿ.