ನಡುವೆ ನಿಲ್ಲುವ ಮನೋಚಿಕಿತ್ಸೆ

ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದೇ ಸತ್ತ್ವಾವಜಯ. ಇಂದು ಮನೋಚಿಕಿತ್ಸೆ ಅಥವಾ ಆಪ್ತಸಮಾಲೋಚನೆ ಎಂದು ಕರೆಯಲಾಗುವ, ಮಾತಿನ ಮೂಲಕ ನಡೆಯುವ ಉಪಚಾರಕ್ಕೆ ಪ್ರಾಚೀನ ಶಾಸ್ತ್ರದಲ್ಲಿ ದೊರೆಯುವ ಸಮೀಪದ ಹೆಸರು ಇದೇ. ಈ ಉಪಚಾರಕ್ಕೆ ಒಂದು ದೊಡ್ಡ ತೊಡಕುಂಟು. ಆರಂಭಿಸಿದವರಲ್ಲಿ ಅನೇಕರು ಅದು ಮುಗಿಯುವ ಮೊದಲೇ ಬರುವುದನ್ನು ನಿಲ್ಲಿಸುತ್ತಾರೆ. ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಎಂಬ ವಿದ್ವಾಂಸರು 2012ರಲ್ಲಿ 669 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು 84,000 ಜನರಲ್ಲಿ ಐವರಿಗೊಬ್ಬರು ಹೀಗೆ ನಡುವೆ ಬಿಟ್ಟಿದ್ದರು. 1993ರಲ್ಲಿ 125 ಅಧ್ಯಯನಗಳಿಂದ ತೆಗೆದ ಲೆಕ್ಕದಲ್ಲಿ ಈ ಪ್ರಮಾಣ ಶೇಕಡಾ 47ರಷ್ಟಿತ್ತು. ಯಾವುದನ್ನು ‘ಬಿಡುವುದು’ ಎಂದು ಎಣಿಸಬೇಕೆಂಬುದರಲ್ಲಿಯೇ ಭೇದವಿರುವುದರಿಂದ ಅಂಕಿಗಳು ಹೀಗೆ ಹೊಯ್ದಾಡುತ್ತವೆ.

ದೂರದ ಅಂಕಿಗಳನ್ನು ಬಿಟ್ಟು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಂಥ ಊರನ್ನು ತೆಗೆದುಕೊಳ್ಳೋಣ. ಹತ್ತನೆಯ ತರಗತಿಯ ಹುಡುಗನೊಬ್ಬ ಓದಿನಲ್ಲಿ ಮನಸ್ಸಿಲ್ಲದೆ, ಊಟ ನಿದ್ರೆ ಬಿಟ್ಟು ಕುಳಿತಿದ್ದಾನೆ. ಶಿಕ್ಷಕರು ತಂದೆಗೆ ಹೇಳಿ ಧಾರವಾಡಕ್ಕೆ ಕಳಿಸುತ್ತಾರೆ. 1845ರ ಹುಚ್ಚಾಸ್ಪತ್ರೆಯಿಂದ ಬೆಳೆದುಬಂದ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿದೆ. ಹಳೆಯ ಹೆಸರಿನ ಅಂಜಿಕೆ ಜನರ ಮನಸ್ಸಿನಿಂದ ಇನ್ನೂ ಪೂರ್ತಿ ಅಳಿದಿಲ್ಲ. ಹುಬ್ಬಳ್ಳಿಯ ಮೇಲೆ ಬಸ್ಸು ಹಿಡಿದು ಹೋಗಿಬರಲು ಒಂದು ದಿನ ಬೇಕು, ತಂದೆಯ ಒಂದು ದಿನದ ಕೂಲಿ ಹೋಗುತ್ತದೆ. ಅಷ್ಟು ಕಳೆದುಕೊಂಡು ಹೋದವನಿಗೆ ಗುಳಿಗೆಯಿಲ್ಲ, ಚೀಟಿಯಿಲ್ಲ. ‘ಮುಂದಿನ ವಾರ ಮತ್ತೆ ಬನ್ನಿ’ ಎಂಬ ಮಾತು ಮಾತ್ರ. ‘ಬರೇ ಮಾತಾಡಿಸಿ ಕಳಿಸಿದ್ರು’ ಎಂದು ತಂದೆ ಬೇಸರಿಸುತ್ತಾನೆ. ಎರಡನೆಯ ವಾರ ಇಬ್ಬರೂ ಹೋಗುವುದಿಲ್ಲ. ಶಾಲೆಯಲ್ಲಿ ‘ನಾವು ಕಳಿಸಿದೆವು, ಅವರೇ ಬಿಟ್ಟರು’ ಎಂದಾಗುತ್ತದೆ. ಈ ತೀರ್ಪು ಅವಸರದ್ದು.

ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅದಕ್ಕೂ ಹತ್ತು ವರ್ಷ ಮೊದಲೇ, 1964ರಲ್ಲಿ, ಅಲ್ಲಿನ ಡಾ. ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ ಅವರು ಈ ದೇಶದ ರೋಗಿಯ ನಿರೀಕ್ಷೆಯನ್ನು ಕುರಿತು ಬರೆದರು. ಅಂತರಂಗದ ವಿಶ್ಲೇಷಣೆಗಿಂತ ನೇರವಾದ ಆಸರೆಯನ್ನು ಅವನು ಬಯಸುತ್ತಾನೆ. ವೈದ್ಯನಲ್ಲಿ ಮನೆಯ ಹಿರಿಯನನ್ನು ಕಾಣುತ್ತಾನೆ. ಜಸ್ವಂತ್ ಸಿಂಗ್ ನೇಕಿ ಅವರು 1973ರಲ್ಲಿ ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಮಾದರಿಯಾಗಿ ಪರಿಶೀಲಿಸಿದರು. ಹಿರಿಯನ ಬಳಿಗೆ ಹೋದವನು ಒಂದು ನಿಶ್ಚಿತ ಮಾತನ್ನು ಪಡೆದು ಮರಳುತ್ತಾನೆ. ಮೌನವಾಗಿ ಕೇಳುತ್ತ ಕುಳಿತ ಚಿಕಿತ್ಸಕನು ಅವನಿಗೆ ಉದಾಸೀನನಂತೆಯೇ ತೋರುವನು. ಭಾಷೆಯ ತೊಡಕೂ ಅಲ್ಪವಲ್ಲ. ‘ಖಿನ್ನತೆ’ ಪುಸ್ತಕದ ಪದ. ಈ ಸೀಮೆಯವರು ‘ತಲಿ ಭಾರ’, ‘ಎದಿ ಹೊಡಕೋತೈತಿ’ ಎನ್ನುತ್ತಾರೆ. ದೇಹದ ನೋವು ಹೇಳಿದವನಿಗೆ ಮನಸ್ಸಿನ ವಿವರಣೆ ಕೊಟ್ಟರೆ ತನ್ನ ಮಾತನ್ನು ನಂಬಲಿಲ್ಲವೆಂದು ತಿಳಿಯುತ್ತಾನೆ. ಇನ್ನು ಕೆಲವರು ನಿಲ್ಲುವುದು ಗುಣ ಕಂಡದ್ದರಿಂದ. ಅವರನ್ನು ಸೋತವರ ಲೆಕ್ಕಕ್ಕೆ ಸೇರಿಸಲಾಗದು.

ವೈದ್ಯ, ದ್ರವ್ಯ, ಉಪಚಾರಕ, ರೋಗಿ ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕನ ಮತ. ರೋಗಿಯ ಗುಣಗಳಲ್ಲಿ ನಿರ್ದೇಶಕಾರಿತ್ವವನ್ನು, ಎಂದರೆ ಹೇಳಿದಂತೆ ನಡೆಯುವುದನ್ನು, ಎಲ್ಲರೂ ನೆನೆಯುತ್ತಾರೆ. ತನ್ನ ಬಾಧೆಯನ್ನು ತಿಳಿಯಹೇಳುವ ಜ್ಞಾಪಕತ್ವವೂ ಅಲ್ಲಿಯೇ ಇದೆ. ಹೇಳಲು ಎಡೆ ಕೊಡದೆ ನಡೆಯೆಂದರೆ ಹೇಗೆ? ಎಷ್ಟು ಸಲ ಬರಬೇಕು, ಏಕೆ ಬರಬೇಕು, ಮೊದಲ ಕೆಲವು ವಾರ ಏನೂ ತೋರದಿರಬಹುದು ಎಂಬುದನ್ನು ಆರಂಭದಲ್ಲಿಯೇ ತಿಳಿಸಿದರೆ ಬಿಡುವವರು ಕಡಿಮೆಯಾಗುತ್ತಾರೆಂದು ಸಂಶೋಧಕರು ಹೇಳುತ್ತಾರೆ. ಕಳಿಸುವ ಶಿಕ್ಷಕರೇ ಇದನ್ನು ತಂದೆತಾಯಿಗೆ ಅವರ ಮಾತಿನಲ್ಲಿ ಮೊದಲು ಹೇಳಬಹುದು.

ಪ್ರಯಾಣದ ಕಷ್ಟಕ್ಕೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಒಂದು ಪರಿಹಾರ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಒಂದೇ ಪಡಸಾಲೆಯ ಮನೆಯಲ್ಲಿ, ಅಜ್ಜಿ ತಮ್ಮಂದಿರ ನಡುವೆ ಕುಳಿತು ಹುಡುಗನು ಏನನ್ನು ಹೇಳಿಯಾನು? ಶಾಲೆ ಬಿಟ್ಟ ಮೇಲೆ ಬಾಗಿಲಿರುವ ಕೋಣೆಯೊಂದನ್ನು ಅರ್ಧ ಗಂಟೆ ಅವನಿಗೆ ಬಿಟ್ಟುಕೊಡಬಹುದು.