ಜರಡಿಯ ಮೇಲೆಷ್ಟು, ಕೆಳಗೆಷ್ಟು

ಮೂಡಿಗೆರೆ

ಪ್ರೀತಿಯ ಪುಟ್ಟಿ,

ಸಂಖ್ಯಾಶಾಸ್ತ್ರದ ಝಡ್ ಟೇಬಲ್ ಕಂಡರೆ ತಲೆ ತಿರುಗುತ್ತದೆ ಎಂದು ಬರೆದಿದ್ದೀಯ. ಬಾಯಿಪಾಠ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ ಮಾರಾಯ್ತಿ. 1799ರಲ್ಲಿ ಕ್ರಿಶ್ಚಿಯನ್ ಕ್ರಾಂಪ್ ಎಂಬಾತ ಇಂಥ ಕೋಷ್ಟಕ ಅಚ್ಚು ಹಾಕಿಸಿದ್ದು ಆಕಾಶಕಾಯಗಳ ಬೆಳಕು ಗಾಳಿಯಲ್ಲಿ ಬಾಗುವುದರ ಲೆಕ್ಕಕ್ಕೆ. ನಾವು ಕಾಫಿಗೆ ಹಚ್ಚೋಣ.

ಕ್ಯೂರಿಂಗ್ ವರ್ಕ್ಸಿನ ಜರಡಿ ನೋಡಿದ್ದೀಯಲ್ಲ. 7.10 ಮಿ.ಮೀ. ತೂತಿನ ಜರಡಿಯ ಮೇಲೆ ಉಳಿಯುವ ಬೀಜ ಎಎ ದರ್ಜೆಗೆ, 6.65ರ ಮೇಲಿನದು ಎ, 6.00ರ ಮೇಲಿನದು ಬಿ. ಒಂದು ಲಾಟಿನ ಅರೇಬಿಕಾ ಬೀಜದ ಅಗಲ ಸರಾಸರಿ 6.50 ಮಿ.ಮೀ., ಮಾನಕ ವಿಚಲನೆ 0.48 ಎಂದಿಟ್ಟುಕೋ. ಎಎಗೆ ಎಷ್ಟು ಸಿಕ್ಕೀತು?

7.10ರಲ್ಲಿ 6.50 ಕಳೆದರೆ 0.60. ಅದನ್ನು 0.48ರಿಂದ ಭಾಗಿಸಿದರೆ 1.25. ಇದೇ ಝಡ್. ಟೇಬಲ್ಲಿನ ಎಡಗಡೆ 1.2 ಹುಡುಕು, ತಲೆಸಾಲಿನಲ್ಲಿ 0.05. ಎರಡೂ ಕೂಡುವ ಮನೆಯಲ್ಲಿ 0.8944 ಇರುತ್ತದೆ. ಅದನ್ನೇ ಉತ್ತರವೆಂದು ಬರೆದು ಎದ್ದುಬರಬೇಡ! ಅದು ಜರಡಿಯಿಂದ ಕೆಳಗೆ ಬಿದ್ದ ಪಾಲು. ಮೇಲೆ ಉಳಿದದ್ದು 1ರಲ್ಲಿ ಅದನ್ನು ಕಳೆದ 0.1056, ಅಂದರೆ ಸಾವಿರ ಬೀಜಕ್ಕೆ ಸುಮಾರು 106. ಎಣಿಕೆಯಲ್ಲಿ ಮಾತ್ರ, ತೂಕದಲ್ಲಲ್ಲ. ದಪ್ಪ ಬೀಜ ತೂಕವನ್ನು ಹೆಚ್ಚು ಎಳೆಯುತ್ತದೆ.

ಇನ್ನು 6.00ರ ಜರಡಿ. ಝಡ್ ಮೈನಸ್ 1.04 ಬರುತ್ತದೆ. ಮೈನಸ್ ಇರುವ ಪುಟ ನಿನ್ನ ಪುಸ್ತಕದಲ್ಲಿಲ್ಲವೆ? ಬೇಕಾಗಿಯೂ ಇಲ್ಲ. ಟೇಬಲ್ಲಿನ ಹಿಂದಿರುವ ಗಂಟೆಯಾಕಾರದ ರೇಖೆ ಎರಡೂ ಬದಿಗೆ ಒಂದೇ ಸಮ. 1.04ಕ್ಕೆ 0.8508 ಇದೆ, 1ರಲ್ಲಿ ಕಳೆ, 0.1492. ಬಿ ದರ್ಜೆಗೂ ಸಲ್ಲದೆ ಉದುರುವ ಪಾಲು ಅಷ್ಟು.

ಗೆಳತಿಯ ಪುಸ್ತಕದಲ್ಲಿ 1.25ಕ್ಕೆ 0.3944 ಇದೆ ಎಂದು ಜಗಳಕ್ಕೆ ಹೋಗಬೇಡ. ಅವರು ನಡುಗೆರೆಯಿಂದ ಅಳೆದಿದ್ದಾರೆ, 0.5 ಸೇರಿಸಿದರೆ ನಿನ್ನದೇ ಅಂಕಿ. ಟೇಬಲ್ಲಿನ ನೆತ್ತಿಯ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ, ಯಾವ ಭಾಗಕ್ಕೆ ಮಸಿ ಹಚ್ಚಿದ್ದಾರೆ ಅಂತ. ಯಾರೂ ಅದನ್ನು ನೋಡುವುದಿಲ್ಲ. ನೀನು ಮೊದಲು ಅದನ್ನು ನೋಡು. ಆಮೇಲೆ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ರೇಖೆ ಬರೆದು, ನಿನಗೆ ಬೇಕಾದ ಭಾಗಕ್ಕೆ ಗೀಚು ಹಾಕಿಕೋ. ಅಂಕಿಯ ಹುಡುಕಾಟ ಅದರ ನಂತರ.

ಇಷ್ಟೆಲ್ಲ ನಡೆಯುವುದು ಬೀಜದ ಅಗಲ ನಿಜವಾಗಿ ಗಂಟೆಯಾಕಾರದಲ್ಲಿ ಹರಡಿದ್ದರೆ. ಪಿಬಿ ಎಂಬ ಗುಂಡು ಬೀಜ ಬೇರೆ ಮಾಡದ, ರೊಬಸ್ಟಾ ಬೆರೆತ ಲಾಟಿಗೆ ಇದೇ ಲೆಕ್ಕ ಹಾಕಿದರೆ ಟೇಬಲ್ಲು ತಕರಾರು ಮಾಡುವುದಿಲ್ಲ, ಅಂಕಿ ಕೊಟ್ಟೇ ಕೊಡುತ್ತದೆ. ಕಳಸ ಊರಿನಲ್ಲಿ ದಿನದಿನ ಬೀಳುವ ಮಳೆಗಂತೂ ಹಚ್ಚಲೇಬೇಡ. ಬೇಸಗೆಯಲ್ಲಿ ವಾರಗಟ್ಟಲೆ ಸೊನ್ನೆ, ಮಳೆಗಾಲದಲ್ಲಿ ಒಂದೇ ದಿನಕ್ಕೆ ಇಂಚುಗಟ್ಟಲೆ. ಅದರ ಸರಾಸರಿ, ವಿಚಲನೆ ಹಿಡಿದು ಕೇಳಿದರೆ, ಸೊನ್ನೆಗಿಂತ ಕಡಿಮೆ ಮಳೆ ಬೀಳುವ ದಿನಗಳು ಎಷ್ಟು ಪಾಲು ಎಂದೂ ಹೇಳಿಬಿಡುತ್ತದೆ, ಅದೂ ನಾಲ್ಕು ದಶಾಂಶಕ್ಕೆ.

ಇಂತಿ,
ನಿನ್ನ ದೊಡ್ಡಪ್ಪ