ಕೈದಿ, ಪ್ರಜೆ, ಮತದಾರ: ನ್ಯೂ ಸೌತ್ ವೇಲ್ಸ್ ವಸಾಹತಿನ ರಾಜಕೀಯ ರೂಪಾಂತರ

ಕನ್ನಡದ ‘ಪ್ರಜೆ’ ಎಂಬ ಶಬ್ದವು ಆಳ್ವಿಕೆಗೆ ಒಳಪಟ್ಟವನನ್ನೂ ಪ್ರಭುತ್ವದಲ್ಲಿ ಪಾಲುಳ್ಳವನನ್ನೂ ಸೂಚಿಸುತ್ತದೆ. ಈ ಎರಡು ಅರ್ಥಗಳ ನಡುವಿನ ಅಂತರವನ್ನು ಒಂದು ಸಮಾಜ ಕ್ರಮಿಸಿದ ಬಗೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಒಂದು ನಿದರ್ಶನ. 1788ರ ಜನವರಿಯಲ್ಲಿ ಆರ್ಥರ್ ಫಿಲಿಪ್‌ನ ನೇತೃತ್ವದಲ್ಲಿ ಬ್ರಿಟಿಷ್ ಕೈದಿಗಳ ನೆಲೆಯಾಗಿ ಆರಂಭಗೊಂಡ ಈ ವಸಾಹತು, 1858ರಲ್ಲಿ ವಯಸ್ಕ ಪುರುಷರ ಮತಾಧಿಕಾರವನ್ನೂ ಗುಪ್ತ ಮತದಾನವನ್ನೂ ಅಂಗೀಕರಿಸಿತು. ಈ ಪರಿವರ್ತನೆಯ ಮೊದಲ ವೇದಿಕೆ ನ್ಯಾಯಾಲಯವೆಂಬುದು ಗಮನಾರ್ಹ.

ಮರಣದಂಡನೆಗೆ ಗುರಿಯಾದವನು, ಶಿಕ್ಷೆ ಗಡೀಪಾರಿಗೆ ಇಳಿದರೂ, ದಾವೆ ಹೂಡುವ ಹಕ್ಕನ್ನು ಕಳೆದುಕೊಳ್ಳುತ್ತಾನೆಂಬುದು ಅಂದಿನ ಇಂಗ್ಲಿಷ್ ಕಾನೂನಿನ ನಿಲುವು. ಅಂಥ ಕೈದಿಗಳೇ ಆಗಿದ್ದ ಹೆನ್ರಿ ಮತ್ತು ಸುಸಾನಾ ಕೇಬಲ್ ದಂಪತಿಗಳು, ಹಡಗಿನಲ್ಲಿ ಕಳೆದುಹೋದ ತಮ್ಮ ಸಾಮಾನಿಗಾಗಿ ಅದರ ಕಪ್ತಾನನ ಮೇಲೆ 1788ರ ಜುಲೈನಲ್ಲಿ ದಾವೆ ಹೂಡಿದರು. ನ್ಯಾಯಾಲಯ ಅವರಿಗೆ 15 ಪೌಂಡ್ ಪರಿಹಾರ ಕೊಡಿಸಿತು. ಆಸ್ತಿಯ ಒಡೆತನವನ್ನೂ ಅಹವಾಲಿನ ಅಧಿಕಾರವನ್ನೂ ಕೈದಿಗೆ ಒಪ್ಪಿಸಿದ ಈ ತೀರ್ಪಿನಿಂದ, ದಂಡಿತನು ವ್ಯವಹಾರದಲ್ಲಿ ಪ್ರಜೆಯಾಗಿ ಪರಿಗಣಿತನಾದನು.

ಶಿಕ್ಷೆ ಮುಗಿಸಿದವರೂ ಕ್ಷಮಾದಾನ ಪಡೆದವರೂ ಮುಂದೆ ಭೂಮಾಲೀಕರಾಗಿ, ವರ್ತಕರಾಗಿ ಬೆಳೆದರು. ಜ್ಯೂರಿಯಲ್ಲಿ ಸ್ಥಾನ ಪಡೆಯುವುದು ಅವರ ಮುಖ್ಯ ಬೇಡಿಕೆಯಾಗಿತ್ತು. ಸ್ವತಂತ್ರರಾಗಿ ಬಂದು ನೆಲೆಸಿದ್ದ ಸಿರಿವಂತರು ಇದನ್ನು ಪ್ರತಿರೋಧಿಸಿದರು. 1823ರ ಕಾಯ್ದೆಯಿಂದ ಗವರ್ನರನಿಗೆ ಸಲಹೆ ನೀಡುವ ನಾಮನಿರ್ದೇಶಿತ ಶಾಸನ ಪರಿಷತ್ತು ಹುಟ್ಟಿತು. 1840ರಲ್ಲಿ ಕೈದಿಗಳ ರವಾನೆಯನ್ನು ನಿಲ್ಲಿಸಲು ಬ್ರಿಟನ್ ಆದೇಶಿಸಿತು. 1842ರ ಕಾಯ್ದೆಯಂತೆ ಪರಿಷತ್ತಿನ 36 ಸ್ಥಾನಗಳಲ್ಲಿ 24 ಚುನಾಯಿತವಾದವು. ಆಸ್ತಿಯ ಅರ್ಹತೆಯಿದ್ದರೆ ಮಾಜಿ ಕೈದಿಯೂ ಮತದಾರನಾಗಬಹುದಿತ್ತು. 1856ರಲ್ಲಿ ಹೊಣೆಗಾರಿಕೆಯ ಸರಕಾರ ಅಸ್ತಿತ್ವಕ್ಕೆ ಬಂದಿತು.

ಈ ವಿಸ್ತರಣೆಗೆ ಸ್ಪಷ್ಟ ಎಲ್ಲೆಯೂ ಇತ್ತು. 1838ರಲ್ಲಿ ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಮೂಲನಿವಾಸಿಗಳ ಹತ್ಯೆಯಾಯಿತು. ಆರೋಪಿಗಳು ಕೈದಿಗಳು ಅಥವಾ ಮಾಜಿ ಕೈದಿಗಳು. ಅವರಲ್ಲಿ ಏಳು ಮಂದಿಗೆ ಗಲ್ಲಾಯಿತು. ಆದರೆ ಕ್ರೈಸ್ತ ಪ್ರಮಾಣ ಸ್ವೀಕರಿಸಲಾರರೆಂಬ ಕಾರಣದಿಂದ ಮೂಲನಿವಾಸಿಗಳ ಸಾಕ್ಷ್ಯವನ್ನು ಅಂದಿನ ನ್ಯಾಯಾಲಯಗಳು ಒಪ್ಪುತ್ತಿರಲಿಲ್ಲ. ಕೇಬಲ್ ದಂಪತಿಗಳಿಗೆ ತೆರೆದ ಬಾಗಿಲು ನೆಲದ ಮೂಲ ಒಡೆಯರಿಗೆ ಮುಚ್ಚಿತ್ತು. 1902ರ ಒಕ್ಕೂಟ ಮತಾಧಿಕಾರ ಕಾಯ್ದೆ ಮಹಿಳೆಯರಿಗೆ ಮತ ನೀಡಿದರೂ ಬಹುಪಾಲು ಮೂಲನಿವಾಸಿಗಳನ್ನು ಹೊರಗಿಟ್ಟಿತು. ಒಕ್ಕೂಟ ಚುನಾವಣೆಯಲ್ಲಿ ಅವರೆಲ್ಲರಿಗೂ ಆ ಹಕ್ಕು ದೊರೆತದ್ದು 1962ರಲ್ಲಿ.

ಆದ್ದರಿಂದ ಈ ಇತಿಹಾಸವನ್ನು ಕೈದಿಗಳ ವಿಮೋಚನೆಯ ಕಥನವಾಗಿ ಮಾತ್ರ ಓದುವುದು ಅಪೂರ್ಣ. ಅಪರಾಧವೆಂಬ ಕಳಂಕ ಒಂದೆರಡು ತಲೆಮಾರುಗಳಲ್ಲಿ ಅಳಿಸಿಹೋಗಬಲ್ಲದಾಗಿತ್ತು; ಜನಾಂಗವೆಂಬ ಗೆರೆ ಶತಮಾನ ದಾಟಿಯೂ ಉಳಿಯಿತು. ಪ್ರಜಾಪ್ರಭುತ್ವದ ಅಧ್ಯಯನದಲ್ಲಿ ‘ಪ್ರಭುತ್ವ’ದಷ್ಟೇ ‘ಪ್ರಜೆ’ ಯಾರೆಂಬ ಪ್ರಶ್ನೆಯೂ ವಿವೇಚನೆಗೆ ಅರ್ಹವೆಂಬುದನ್ನು ಈ ವಸಾಹತಿನ ಚರಿತ್ರೆ ಮನಗಾಣಿಸುತ್ತದೆ.